ಬಿಸಿ ಮಾಡಿದರೂ ಕರಗದ ಪುಡಿ

2005ರ ಸೆಪ್ಟೆಂಬರ್ 29ರಂದು ಅಮೆರಿಕದ ಮಿನ್ನೆಸೋಟ ರಾಜ್ಯದಲ್ಲಿ ಹೊಸ ಕಾನೂನೊಂದು ಜಾರಿಗೆ ಬಂತು. ರಾಜ್ಯದಲ್ಲಿ ಮಾರುವ ಡೀಸೆಲ್‌ಗೆ ಇನ್ನು ಮುಂದೆ ಶೇ. 2ರಷ್ಟು ಬಯೋಡೀಸೆಲ್ ಬೆರೆಸಲೇಬೇಕು. ಆ ದೇಶದಲ್ಲಿ ಇಂಥದ್ದನ್ನು ಕಡ್ಡಾಯ ಮಾಡಿದ ಮೊದಲ ರಾಜ್ಯ ಅದೇ. ಮಿನ್ನೆಸೋಟ ಸೋಯಾ ಬೆಳೆಯುವ ಸೀಮೆ. ತಾವು ಬೆಳೆದ ಕಾಳಿನ ಎಣ್ಣೆಯೇ ತಮ್ಮ ಸೀಮೆಯ ಲಾರಿ, ಟ್ರ್ಯಾಕ್ಟರುಗಳಿಗೆ ಇಂಧನವಾದರೆ ಬೆಳೆಗೆ ಬೆಲೆ ಸಿಗುತ್ತದೆ, ಹೊರಗಿನ ತೈಲದ ಹಂಗೂ ಕಡಿಮೆಯಾಗುತ್ತದೆ ಎಂದು ರೈತರು ಬಲು ಆಸೆಯಿಂದ ಕಾದಿದ್ದ ಕಾನೂನು ಅದು. ಆದರೆ ಮಿನ್ನೆಸೋಟ ಅಮೆರಿಕದ ಅತಿ ಚಳಿಯ ರಾಜ್ಯಗಳಲ್ಲೂ ಒಂದು. ಅದರ ಉತ್ತರ ಭಾಗದಲ್ಲಿ ಜನವರಿಯ ರಾತ್ರಿ ಮೈನಸ್ 30 ಡಿಗ್ರಿ ಸೆಲ್ಸಿಯಸ್ ಮುಟ್ಟುವುದು ಅಪರೂಪವೇನಲ್ಲ.

ಚಳಿಗಾಲ ಕಾಲಿಡುತ್ತಿದ್ದಂತೆ ಲಾರಿಯವರ ದೂರು ಶುರುವಾಯಿತು. ಡೀಸೆಲ್ ಫಿಲ್ಟರ್ ಕಟ್ಟಿಕೊಳ್ಳುತ್ತಿದೆ, ಗಾಡಿ ದಾರಿಯಲ್ಲೇ ನಿಲ್ಲುತ್ತಿದೆ. ಫಿಲ್ಟರ್ ಕಟ್ಟಿದ ಲಾರಿಯ ಲಕ್ಷಣ ಎಲ್ಲ ದೇಶದ ಡ್ರೈವರುಗಳಿಗೂ ಗೊತ್ತು: ಸೆಲ್ಫ್ ಹೊಡೆದರೆ ಸ್ಟಾರ್ಟ್ ಆಗುತ್ತದೆ, ನಿಂತಲ್ಲಿ ಸರಿಯಾಗಿಯೇ ಓಡುತ್ತದೆ, ಏರು ಬಂದು ಲೋಡ್ ಬಿದ್ದ ಕೂಡಲೇ ಪಿಕಪ್ ಬಿಡುತ್ತದೆ, ಜರ್ಕ್ ಹೊಡೆದು ನಿಲ್ಲುತ್ತದೆ. ಹೊಸ ಫಿಲ್ಟರ್ ಹಾಕಿ ಏರ್ ತೆಗೆದರೆ ಮತ್ತೆ ಓಡುತ್ತದೆ. ಅದೇ ಡೀಸೆಲ್ ಟ್ಯಾಂಕಿನಲ್ಲಿದ್ದರೆ ಸ್ವಲ್ಪ ದೂರದಲ್ಲಿ ಮತ್ತೆ ಅದೇ ಪಾಡು.

ಲಾರಿಯವರೆಲ್ಲ ಬಯೋಡೀಸೆಲ್ಲಿನ ಕಡೆ ಬೆರಳು ತೋರಿದರು. ಡಿಸೆಂಬರಿನಲ್ಲಿ ರಾಜ್ಯ ಸರ್ಕಾರ ಕಡ್ಡಾಯದ ನಿಯಮವನ್ನು ಕೆಲವು ವಾರ ತಡೆಹಿಡಿಯಬೇಕಾಯಿತು. ಪರೀಕ್ಷಿಸಿ ನೋಡಿದಾಗ ಕೆಲವು ಬಯೋಡೀಸೆಲ್ಲಿನಲ್ಲಿ ಗ್ಲಿಸರಿನ್ ಅಂಶ ಮಿತಿ ಮೀರಿದ್ದು ಗೊತ್ತಾಯಿತು. ಎಣ್ಣೆಯಿಂದ ಬಯೋಡೀಸೆಲ್ ಮಾಡುವಾಗ ಬೇರ್ಪಟ್ಟು ಹೋಗಬೇಕಾದ ವಸ್ತು ಅದು, ಪೂರ್ತಿ ಹೋಗಿರಲಿಲ್ಲ. ಅದನ್ನು ಸರಿಪಡಿಸಿ 2006ರ ಆರಂಭದಲ್ಲಿ ನಿಯಮ ಮತ್ತೆ ಜಾರಿಗೆ ಬಂತು.

ಕತೆ ಅಲ್ಲಿಗೇ ಮುಗಿಯಬಹುದಿತ್ತು, ಮುಗಿಯಲಿಲ್ಲ. ಗ್ಲಿಸರಿನ್ ಮಿತಿಯೊಳಗೇ ಇದ್ದ, ಎಲ್ಲ ಪರೀಕ್ಷೆಯಲ್ಲೂ ಪಾಸಾದ ಬಯೋಡೀಸೆಲ್ ಕೂಡ ಅಲ್ಲಲ್ಲಿ ಫಿಲ್ಟರ್ ಕಟ್ಟಿಸುತ್ತಿತ್ತು. ಕಾಗದದ ಮೇಲೆ ಎಲ್ಲವೂ ಸರಿ, ರಸ್ತೆಯ ಮೇಲೆ ಗಾಡಿ ನಿಂತಿದೆ. ನನ್ನ ಪ್ರಕಾರ ನಿಜವಾದ ಹುಡುಕಾಟ ಶುರುವಾದದ್ದು ಇಲ್ಲಿಂದ.

ಡೀಸೆಲ್ ಗಾಡಿಗೆ ಚಳಿ ಕೊಡುವ ಕಾಟ ಎರಡು ಬಗೆಯದು. ಒಂದು, ಬೆಳಿಗ್ಗೆ ಸ್ಟಾರ್ಟೇ ಆಗದಿರುವುದು. ಡೀಸೆಲ್ ಎಂಜಿನ್ನಿಗೆ ಸ್ಪಾರ್ಕ್ ಪ್ಲಗ್ ಇಲ್ಲ. ಸಿಲಿಂಡರಿನಲ್ಲಿ ಗಾಳಿಯನ್ನು ಒತ್ತಿ ಹಿಂಡಿದಾಗ ಹುಟ್ಟುವ ಶಾಖಕ್ಕೇ ಡೀಸೆಲ್ ಹೊತ್ತಿಕೊಳ್ಳಬೇಕು. ಎಂಜಿನ್ನೇ ಕೊರೆಯುತ್ತಿದ್ದರೆ ಆ ಶಾಖವನ್ನು ಲೋಹ ಹೀರಿಕೊಳ್ಳುತ್ತದೆ. ಅದರ ಜೊತೆಗೆ ಬ್ಯಾಟರಿ ಸೋತಿರುತ್ತದೆ, ಎಂಜಿನ್ ಆಯಿಲ್ ಮಂದವಾಗಿರುತ್ತದೆ. ಇದಕ್ಕೆ ಹೀಟರ್ ಪ್ಲಗ್ಗು, ಒಳ್ಳೆಯ ಬ್ಯಾಟರಿ, ತೆಳುವಾದ ಆಯಿಲ್ ಸಾಕು. ಎರಡನೆಯದು, ಸ್ಟಾರ್ಟ್ ಆಗಿ ಓಡುತ್ತಿದ್ದ ಗಾಡಿ ನಿಲ್ಲುವುದು. ಓಡತೊಡಗಿದ ಎಂಜಿನ್ ತನ್ನ ಶಾಖವನ್ನು ತಾನೇ ಹುಟ್ಟಿಸಿಕೊಳ್ಳುತ್ತದೆ, ಹೊರಗಿನ ಚಳಿ ಅದರ ಒಡಲನ್ನು ಮುಟ್ಟಲಾರದು. ಮುಟ್ಟುವುದು ಡೀಸೆಲ್ ಬರುವ ದಾರಿಯನ್ನು: ಟ್ಯಾಂಕು, ಪೈಪು, ನೀರು ಬೇರ್ಪಡಿಸುವ ಬಟ್ಟಲು, ಕೊನೆಗೆ ಫಿಲ್ಟರು. ನಿಂತಲ್ಲಿ ಓಡುವ ಎಂಜಿನ್ನಿಗೆ ಬೇಕಾದ ಡೀಸೆಲ್ ಅತ್ಯಲ್ಪ; ಅರ್ಧಕ್ಕರ್ಧ ಕಟ್ಟಿದ ಫಿಲ್ಟರಿನಿಂದಲೂ ಅಷ್ಟು ಸೋರುತ್ತದೆ. ಏರಿನಲ್ಲಿ ಅದು ಸಾಲುವುದಿಲ್ಲ. ಹಾಗಾಗಿ ಅನುಭವವಿರುವ ಮೆಕ್ಯಾನಿಕ್ ಇಂಥ ಗಾಡಿಯ ಪಂಪಿಗೋ ನಾಜಲ್ಲಿಗೋ ಕೈ ಹಾಕುವ ಮೊದಲು ಫಿಲ್ಟರ್ ಬಿಚ್ಚುತ್ತಾನೆ.

ಬಿಚ್ಚಿದಾಗ ಸಾಮಾನ್ಯವಾಗಿ ಸಿಗುವುದು ಎರಡರಲ್ಲಿ ಒಂದು. ಒಂದೋ ನೀರು ಹೆಪ್ಪುಗಟ್ಟಿದ ಮಂಜುಗಡ್ಡೆ, ಇಲ್ಲವೇ ಮೇಣ.

ಡೀಸೆಲ್ ತೆಗೆಯುವ ನೆಲದೆಣ್ಣೆಯಲ್ಲಿ ಮೇಣವಿದೆ ಎಂಬುದು ಡೀಸೆಲ್ ಎಂಜಿನ್ ಹುಟ್ಟುವುದಕ್ಕೂ ಅರ್ಧ ಶತಮಾನ ಮೊದಲೇ ತಿಳಿದ ಸಂಗತಿ. ರುಡಾಲ್ಫ್ ಡೀಸೆಲ್ ತನ್ನ ಎಂಜಿನ್ನನ್ನು ಯಶಸ್ವಿಯಾಗಿ ಓಡಿಸಿ ತೋರಿದ್ದು 1897ರಲ್ಲಿ. ಅದಕ್ಕೂ ಮೊದಲು, 1847ರಲ್ಲಿ, ಇಂಗ್ಲೆಂಡಿನ ಡರ್ಬಿಷೈರಿನ ರಿಡಿಂಗ್ಸ್ ಎಂಬಲ್ಲಿ ಕಲ್ಲಿದ್ದಲ ಗಣಿಯೊಂದರಲ್ಲಿ ನೆಲದೆಣ್ಣೆ ಜಿನುಗತೊಡಗಿತು. ರಸಾಯನಶಾಸ್ತ್ರಜ್ಞ ಲಯನ್ ಪ್ಲೇಫೇರ್ ಈ ವಿಷಯವನ್ನು ಸ್ಕಾಟ್‌ಲೆಂಡಿನ ತನ್ನ ಗೆಳೆಯ ಜೇಮ್ಸ್ ಯಂಗ್‌ಗೆ ತಿಳಿಸಿದ. ಯಂಗ್ ಅದನ್ನು ಶುದ್ಧಮಾಡಿ ದೀಪದೆಣ್ಣೆ, ಯಂತ್ರಗಳ ಎಣ್ಣೆ ಮಾಡಿ ಮಾರತೊಡಗಿದ. ಚಳಿ ಬಂದಾಗ ಎಣ್ಣೆ ಮಬ್ಬುಗಟ್ಟಿತು. ಮಾಲು ಕೆಟ್ಟಿತೆಂದು ಚಿಂತೆಗೆ ಬಿದ್ದು ಪ್ಲೇಫೇರ್ ಬಳಿ ತಂದಾಗ ಆತ ಅದು ಪ್ಯಾರಾಫಿನ್ ಮೇಣ ಎಂದು ಗುರುತಿಸಿದ. ಕೆಟ್ಟಿದ್ದಲ್ಲ, ಎಣ್ಣೆಯಲ್ಲಿ ಕರಗಿದ್ದ ಮೇಣ ಚಳಿಗೆ ಹರಳಾಗಿ ಹೊರಬಂದಿದೆ ಅಷ್ಟೇ. ಆ ಮೇಣದಿಂದಲೇ ಎರಡು ಮೇಣದಬತ್ತಿ ಮಾಡಿಸಿ, ಲಂಡನ್ನಿನ ರಾಯಲ್ ಇನ್‌ಸ್ಟಿಟ್ಯೂಷನ್ನಿನಲ್ಲಿ ತನ್ನ ಉಪನ್ಯಾಸದ ಮೇಜಿನ ಮೇಲೆ ಹಚ್ಚಿಟ್ಟ. ಇಂದು ಹಿಮದಲ್ಲಿ ಲಾರಿ ನಿಲ್ಲಿಸುವ ಮೇಣವೂ ಅದೇ.

ಡೀಸೆಲ್ಲಿನ ಉದ್ದ ಸರಪಳಿಯ ಅಣುಗಳು ಇಂಧನವಾಗಿ ಒಳ್ಳೆಯವು, ಚೆನ್ನಾಗಿ ಹೊತ್ತಿಕೊಳ್ಳುತ್ತವೆ. ಆದರೆ ಚಳಿಗೆ ಮೊದಲು ಹರಳಾಗುವುದೂ ಅವೇ. ಡೀಸೆಲ್ ಮಬ್ಬಾಗಲು ಶುರುವಾಗುವ ಉಷ್ಣತೆಗೆ ಕ್ಲೌಡ್ ಪಾಯಿಂಟ್ ಎನ್ನುತ್ತಾರೆ. ಹರಿಯುವುದನ್ನೇ ಬಿಡುವುದಕ್ಕೆ ತುಸು ಮೊದಲಿನ ಹಂತ ಪೋರ್ ಪಾಯಿಂಟ್. ಲಾರಿ ನಿಲ್ಲುವುದು ಇವೆರಡರ ನಡುವೆ ಎಲ್ಲೋ. ಆ 'ಎಲ್ಲೋ' ಎಲ್ಲಿ ಎಂದು ಅಳೆಯುವ ವಿಧಾನವೇ ಬಹುಕಾಲ ಇರಲಿಲ್ಲ. ಬ್ರಿಟನ್ನಿನಲ್ಲಿ 1963ರ ಜನವರಿ ಇಪ್ಪತ್ತನೆಯ ಶತಮಾನದಲ್ಲೇ ಅತಿ ಚಳಿಯ ತಿಂಗಳು. ಡೀಸೆಲ್ ಮೇಣಗಟ್ಟಿ ಅಲ್ಲಿ ಗಾಡಿಗಳು ನಿಂತವು. ಮೂರು ವರ್ಷದ ನಂತರ, 1966ರಲ್ಲಿ, ಕೋಲಿ, ರುಟಿಸ್‌ಹೌಸರ್ ಮತ್ತು ಆಷ್ಟನ್ ಎಂಬ ಮೂವರು ಸರಳವಾದ ಪರೀಕ್ಷೆಯೊಂದನ್ನು ಪ್ರಕಟಿಸಿದರು. ಡೀಸೆಲ್ಲನ್ನು ತಣಿಸುತ್ತಾ, ಪ್ರತಿ ಒಂದು ಡಿಗ್ರಿ ಇಳಿದಾಗಲೂ 45 ಮೈಕ್ರಾನ್ ಕಣ್ಣಿನ ತಂತಿಬಲೆಯ ಮೂಲಕ ಹಗುರವಾಗಿ ಹೀರಿ 20 ಮಿಲಿಲೀಟರಿನ ಕೊಳವೆ ತುಂಬಿಸಬೇಕು. 60 ಸೆಕೆಂಡಿನಲ್ಲಿ ತುಂಬದ ಮೊದಲ ಉಷ್ಣತೆಯೇ ಆ ಡೀಸೆಲ್ಲಿನ ಮಿತಿ. ಸಿಎಫ್‌ಪಿಪಿ ಎಂದು ಕರೆಯುವ ಈ ಅಂಕಿ ಈಗ ಯುರೋಪು, ಭಾರತ ಎರಡೂ ಕಡೆಯ ಮಾನಕಗಳಲ್ಲಿದೆ. ಅದೇ ದಶಕದಲ್ಲಿ ಎಥಿಲೀನ್ ಮತ್ತು ವಿನೈಲ್ ಅಸಿಟೇಟ್ ಕೂಡಿಸಿ ಮಾಡಿದ ಪಾಲಿಮರುಗಳು ಬಂದವು. ಇವು ಮೇಣವನ್ನು ಕರಗಿಸುವುದಿಲ್ಲ. ಅಗಲವಾದ ಹಾಳೆಗಳಾಗಿ ಬೆಳೆದು ಫಿಲ್ಟರನ್ನು ಮುಚ್ಚುತ್ತಿದ್ದ ಹರಳನ್ನು ಸಣ್ಣ ಸೂಜಿಗಳಂತೆ ಬೆಳೆಯಿಸುತ್ತವೆ. ಸೂಜಿಗಳ ರಾಶಿಯ ನಡುವಿನಿಂದ ಡೀಸೆಲ್ ಜಾರಿ ಹೋಗುತ್ತದೆ.

ಮಿನ್ನೆಸೋಟದ ಪ್ರಕರಣ ಬರುವ ಹೊತ್ತಿಗೆ ಇಷ್ಟೆಲ್ಲ ತಿಳಿದಿತ್ತು. ಆದ್ದರಿಂದಲೇ ಅದು ಗೊಂದಲ ಹುಟ್ಟಿಸಿತು. ಸೋಯಾ ಬಯೋಡೀಸೆಲ್ಲಿನ ಕ್ಲೌಡ್ ಪಾಯಿಂಟ್ ಸೊನ್ನೆ ಡಿಗ್ರಿಯ ಆಸುಪಾಸು. ಶೇ. 2ರಷ್ಟು ಬೆರೆಸಿದರೆ ಇಡೀ ಡೀಸೆಲ್ಲಿನ ಗುಣ ಹೆಚ್ಚೇನೂ ಬದಲಾಗಬಾರದು. ಆದರೆ ಸೋಯಾ, ತಾಳೆ ಎರಡರ ಬಯೋಡೀಸೆಲ್ಲಿನಲ್ಲೂ ಕ್ಲೌಡ್ ಪಾಯಿಂಟಿಗಿಂತ ಮೇಲಿನ, ಅಂದರೆ ಮೇಣ ಹುಟ್ಟಲೇಬಾರದ ಉಷ್ಣತೆಯಲ್ಲೂ ಏನೋ ಒಂದು ಮಬ್ಬು ಕಾಣುತ್ತಿತ್ತು, ನಿಧಾನವಾಗಿ ತಳಕ್ಕಿಳಿಯುತ್ತಿತ್ತು. ಶೇಖರಣೆಯ ಟ್ಯಾಂಕುಗಳ ತಳದಲ್ಲಿ, ಫಿಲ್ಟರುಗಳ ಮೇಲೆ ನುಣ್ಣನೆಯ ಬಿಳಿಚು ಪುಡಿ ಕೂರುತ್ತಿತ್ತು.

ಈ ಪುಡಿಯ ಒಂದು ಗುಣವೇ ಇಡೀ ಹುಡುಕಾಟಕ್ಕೆ ದಾರಿ ತೋರಿತು. ಬಿಸಿ ಮಾಡಿದರೆ ಅದು ಕರಗಲಿಲ್ಲ. ಮಂಜುಗಡ್ಡೆಯಾಗಿದ್ದರೆ ಸೊನ್ನೆ ಡಿಗ್ರಿ ದಾಟಿದೊಡನೆ ನೀರಾಗಬೇಕಿತ್ತು, ಮೇಣವಾಗಿದ್ದರೆ ಬೆಚ್ಚಗಿನ ಗ್ಯಾರೇಜಿನಲ್ಲಿ ಡೀಸೆಲ್ಲಿನೊಳಗೇ ಮಾಯವಾಗಬೇಕಿತ್ತು. ಚಳಿಯಲ್ಲಿ ಕಾಣಿಸಿಕೊಂಡು ಬಿಸಿಯಲ್ಲೂ ಹೋಗದ ವಸ್ತು ಯಾವುದು?

ಪುಡಿಗೆ ಅಂಟಿದ ಎಣ್ಣೆಯನ್ನು ದ್ರಾವಕದಿಂದ ತೊಳೆದು, ಒಣಗಿಸಿ, ಬೇರೆ ಬೇರೆ ಪ್ರಯೋಗಾಲಯಗಳಲ್ಲಿ ನೋಡಿದರು. ಎಣ್ಣೆ ಕರಗಿಸುವ ಸಾಮಾನ್ಯ ದ್ರಾವಕಗಳಿಗೆ ಅದು ಜಗ್ಗಲಿಲ್ಲ. ಪಿರಿಡಿನ್‌ನಂಥ ಖಾರದ ದ್ರಾವಕವೇ ಬೇಕಾಯಿತು. ಕರಗುವ ಬಿಂದು 240 ಡಿಗ್ರಿಗೂ ಮೇಲೆ. ಉತ್ತರ ಬಂದಾಗ ಎಣ್ಣೆ ಬಲ್ಲವರಿಗೆ ಅಚ್ಚರಿಯಾಯಿತು, ಏಕೆಂದರೆ ಆ ಅಣುವಿನ ಒಂದು ತುದಿಯಲ್ಲಿ ಇದ್ದದ್ದು ಸಕ್ಕರೆ. ಗ್ಲೂಕೋಸ್ ಅಂಟಿದ ಸಸ್ಯ ಸ್ಟೆರಾಲ್. ರಸಾಯನಶಾಸ್ತ್ರದಲ್ಲಿ ಸ್ಟೆರಾಲ್ ಗ್ಲೂಕೊಸೈಡ್. ಎಡಿಎಂ ಕಂಪನಿಯ ಇನ್ಮೋಕ್ ಲೀ ಮತ್ತು ಸಂಗಡಿಗರು 2007ರಲ್ಲಿ ಫಿಲ್ಟರ್ ಕಟ್ಟುವುದರಲ್ಲಿ ಇದರ ಪಾತ್ರವನ್ನು ವಿವರಿಸಿ ಬರೆದರು. ಅಮೆರಿಕದ ಕೃಷಿ ಇಲಾಖೆಯ ಪ್ರಯೋಗಾಲಯದ ರಾಬರ್ಟ್ ಮೊರೊ, ಕ್ಯಾರೆನ್ ಸ್ಕಾಟ್, ಮೈಕೆಲ್ ಹಾಸ್ 2008ರಲ್ಲಿ ಮಾರುಕಟ್ಟೆಯ ಬಯೋಡೀಸೆಲ್ಲಿನಿಂದ ಇಳಿದ ಪುಡಿಗಳಲ್ಲಿ ಅದನ್ನು ಗುರುತಿಸಿ, ಎಷ್ಟಿದೆ ಎಂದು ಅಳೆದು ಪ್ರಕಟಿಸಿದರು.

ಸ್ಟೆರಾಲ್‌ಗಳು ಎಲ್ಲ ಗಿಡಗಳ ಜೀವಕೋಶದ ಪೊರೆಯಲ್ಲೂ ಇರುತ್ತವೆ. ಸೋಯಾ ಕಾಳಿನಿಂದ ಎಣ್ಣೆ ತೆಗೆಯುವಾಗ ಅವೂ ಎಣ್ಣೆಗೆ ಬರುತ್ತವೆ. ಹಾಗಿದ್ದರೆ ಅಡುಗೆ ಎಣ್ಣೆಯಲ್ಲಿ ಈ ಪುಡಿ ಏಕೆ ಕಾಣುವುದಿಲ್ಲ? ಈ ಪ್ರಶ್ನೆಗೆ ಸಿಕ್ಕ ಉತ್ತರವೇ ನನಗೆ ಈ ಕತೆಯಲ್ಲಿ ಅತ್ಯಂತ ಸೊಗಸಾದದ್ದು. ಎಣ್ಣೆಯಲ್ಲಿದ್ದಾಗ ಬಹುಪಾಲು ಗ್ಲೂಕೊಸೈಡುಗಳ ಸಕ್ಕರೆಯ ಭಾಗಕ್ಕೆ ಒಂದು ಕೊಬ್ಬಿನಾಮ್ಲದ ಬಾಲ ಅಂಟಿರುತ್ತದೆ. ಆ ಬಾಲದ ದೆಸೆಯಿಂದ ಅವು ಎಣ್ಣೆಯಲ್ಲಿ ಸುಖವಾಗಿ ಕರಗಿರುತ್ತವೆ. ಬಯೋಡೀಸೆಲ್ ಮಾಡುವುದೆಂದರೆ ಮೆಥನಾಲ್ ಮತ್ತು ಕ್ಷಾರವನ್ನು ಹಾಕಿ ಎಣ್ಣೆಯ ಅಣುವಿನಿಂದ ಕೊಬ್ಬಿನಾಮ್ಲಗಳನ್ನು ಕತ್ತರಿಸುವುದು. ಆ ಕತ್ತರಿ ಗ್ಲೂಕೊಸೈಡಿನ ಬಾಲವನ್ನೂ ಬಿಡುವುದಿಲ್ಲ. ಬಾಲ ಹೋದ ಮೇಲೆ ಸಕ್ಕರೆ ಬೆತ್ತಲೆಯಾಗುತ್ತದೆ. ಸಕ್ಕರೆ ಎಣ್ಣೆಯಲ್ಲಿ ಕರಗುವುದಿಲ್ಲ ಎಂಬುದು ಅಡುಗೆಮನೆಯಲ್ಲಿ ಕೈಯಾಡಿಸಿದವರಿಗೆಲ್ಲ ಗೊತ್ತು. ಅಂದರೆ ಕೊಳೆ ಹೊರಗಿನಿಂದ ಬಂದದ್ದಲ್ಲ, ಕಲಬೆರಕೆಯೂ ಅಲ್ಲ. ಇಂಧನವನ್ನು ಮಾಡುವ ಕ್ರಿಯೆಯೇ, ಅದನ್ನು ಎಷ್ಟೇ ಶ್ರದ್ಧೆಯಿಂದ ಮಾಡಿದರೂ, ಈ ಪುಡಿಯನ್ನು ಹುಟ್ಟಿಸುತ್ತಿತ್ತು.

ಪರೀಕ್ಷೆಗಳಿಗೆ ಇದು ತಪ್ಪಿಸಿಕೊಂಡದ್ದೂ ಸಹಜ. ಅಂದಿನ ಮಾನಕ ಕೇಳುತ್ತಿದ್ದದ್ದು ಗ್ಲಿಸರಿನ್, ನೀರು, ಆಮ್ಲ, ಮೆಥನಾಲ್ ಇಂಥವನ್ನು. ಗ್ಲೂಕೊಸೈಡ್ ಇದ್ದದ್ದು ಹತ್ತು ಲಕ್ಷ ಪಾಲಿನಲ್ಲಿ ಕೆಲವು ಹತ್ತು ಪಾಲು. ಅಷ್ಟು ಸಾಕಾಗಿತ್ತು. ಬೆಚ್ಚಗಿರುವಾಗ ಅದು ಕಣ್ಣಿಗೆ ಬೀಳದ ಕಣಗಳಾಗಿ ತೇಲುತ್ತಿರುತ್ತದೆ. ಚಳಿಯಾದಾಗ ಬಯೋಡೀಸೆಲ್ಲಿನಲ್ಲಿ ಪೂರ್ತಿ ಕತ್ತರಿಸದೆ ಉಳಿದ ಎಣ್ಣೆಯ ತುಣುಕುಗಳಾದ ಮಾನೊಗ್ಲಿಸರೈಡುಗಳು ಈ ಕಣಗಳನ್ನೇ ಬೀಜ ಮಾಡಿಕೊಂಡು ಅವುಗಳ ಸುತ್ತ ಹರಳುಗಟ್ಟುತ್ತವೆ, ಕಣ ದಪ್ಪವಾಗುತ್ತದೆ, ಫಿಲ್ಟರಿನಲ್ಲಿ ಸಿಕ್ಕಿಕೊಳ್ಳುತ್ತದೆ. ಆಮೇಲೆ ಬಿಸಿ ಮಾಡಿದರೆ ಸುತ್ತಲಿನದು ಕರಗಿದರೂ ಒಳಗಿನ ಬೀಜ ಉಳಿದುಕೊಳ್ಳುತ್ತದೆ. ಚಳಿಯನ್ನು ದೂರಿದವರ ಮಾತೂ ಸರಿ, ಬಯೋಡೀಸೆಲ್ಲನ್ನು ದೂರಿದ ಲಾರಿಯವರ ಮಾತೂ ಸರಿ.

ಮಿನ್ನೆಸೋಟದಲ್ಲಿ ಅಂದು ನಿಂತ ಪ್ರತಿಯೊಂದು ಲಾರಿಗೂ ಇದೊಂದೇ ಕಾರಣ ಎನ್ನಲಾಗದು. ಕೆಲವಕ್ಕೆ ಮಿತಿ ಮೀರಿದ ಗ್ಲಿಸರಿನ್, ಇನ್ನು ಕೆಲವಕ್ಕೆ ಮಾಮೂಲಿ ಮೇಣ, ನೀರು ಕಾರಣವಾಗಿದ್ದಿರಬಹುದು. ಆದರೆ ಆ ಚಳಿಗಾಲ ಎಬ್ಬಿಸಿದ ಪ್ರಶ್ನೆಯಿಂದಾಗಿಯೇ ಅಮೆರಿಕದ ಬಯೋಡೀಸೆಲ್ ಮಾನಕಕ್ಕೆ 2008ರಲ್ಲಿ ಹೊಸ ಪರೀಕ್ಷೆ ಸೇರಿತು. ಅದರ ಹೆಸರು ಕೋಲ್ಡ್ ಸೋಕ್. 300 ಮಿಲಿಲೀಟರ್ ಬಯೋಡೀಸೆಲ್ಲನ್ನು 4.4 ಡಿಗ್ರಿಯಲ್ಲಿ 16 ಗಂಟೆ ಇಡುತ್ತಾರೆ. ಆಮೇಲೆ ತಂಪಿನಲ್ಲೇ ಸೋಸುವುದಿಲ್ಲ. ತಾನಾಗಿ 25 ಡಿಗ್ರಿಗೆ ಬರಲು ಬಿಟ್ಟು, ಬಳಿಕ 0.7 ಮೈಕ್ರಾನಿನ ಗಾಜುನೂಲಿನ ಫಿಲ್ಟರಿನಲ್ಲಿ ಸೋಸುತ್ತಾರೆ. 360 ಸೆಕೆಂಡಿನೊಳಗೆ ಪೂರ್ತಿ ಇಳಿಯಬೇಕು. ಕಡು ಚಳಿಯಲ್ಲಿ ಬಳಸುವ ಇಂಧನವಾದರೆ 200 ಸೆಕೆಂಡಿನೊಳಗೆ. ತಣಿಸಿ ಮತ್ತೆ ಬಿಸಿಗೆ ತರುವ ಈ ಕ್ರಮದಲ್ಲೇ ಇಡೀ ಕತೆ ಅಡಗಿದೆ. ಮಾಮೂಲಿ ಹರಳಾಗಿದ್ದರೆ ಬಿಸಿಗೆ ಮರಳಿ ಕರಗಿ ಫಿಲ್ಟರ್ ದಾಟುತ್ತದೆ, ಕರಗದ್ದು ಮಾತ್ರ ಸಿಕ್ಕಿಬೀಳುತ್ತದೆ. ಗ್ಯಾರೇಜಿನಲ್ಲಿ ಬಿಸಿ ಮಾಡಿದರೂ ಬಿಡದ ಪುಡಿಯ ಅನುಭವ ಹೀಗೆ ಪ್ರಯೋಗಾಲಯದ ಮಾನಕವಾಯಿತು.

ಪರಿಹಾರಗಳು ಒಂದೊಂದಾಗಿ ಬಂದವು. ಬಯೋಡೀಸೆಲ್ಲನ್ನು ಬಟ್ಟಿ ಇಳಿಸಿದರೆ ಪುಡಿ ಹಿಂದೆ ಉಳಿಯುತ್ತದೆ, ಖರ್ಚು ಹೆಚ್ಚು. ತಣಿಸಿ ನುಣುಪಾದ ಮಣ್ಣಿನ ಪದರದಲ್ಲಿ ಸೋಸುವುದು ಅಗ್ಗ. ಅರ್ಜೆಂಟೀನಾದ ರೊಸಾರಿಯೊ ನಗರದ ವಿಜ್ಞಾನಿಗಳು 2014ರಲ್ಲಿ ವರದಿ ಮಾಡಿದ ದಾರಿ ಎಲ್ಲಕ್ಕಿಂತ ಭಿನ್ನ. ಬಿಸಿನೀರ ಬುಗ್ಗೆಯಲ್ಲಿ ಬದುಕುವ ಥರ್ಮೊಕಾಕಸ್ ಎಂಬ ಸೂಕ್ಷ್ಮಜೀವಿಯ ಕಿಣ್ವವನ್ನು ಬಳಸಿ ಅವರು ಸಕ್ಕರೆಯನ್ನು ಸ್ಟೆರಾಲಿನಿಂದ ಕಡಿದು ಬೇರೆ ಮಾಡಿದರು. ಸ್ಟೆರಾಲ್ ಒಂದೇ ಇದ್ದರೆ ಬಯೋಡೀಸೆಲ್ಲಿನಲ್ಲಿ ಕರಗಿಯೇ ಇರುತ್ತದೆ. ಮಿನ್ನೆಸೋಟ ಬಯೋಡೀಸೆಲ್ಲನ್ನು ಕೈಬಿಡಲಿಲ್ಲ. 2018ರಿಂದ ಅಲ್ಲಿ ಏಪ್ರಿಲ್‌ನಿಂದ ಸೆಪ್ಟೆಂಬರ್‌ವರೆಗೆ ಶೇ. 20, ಚಳಿಗಾಲದಲ್ಲಿ ಶೇ. 5 ಬೆರೆಸುವ ನಿಯಮವಿದೆ.

ಇದು ನಮಗೆ ದೂರದ ಸಂಗತಿಯಲ್ಲ. ಭಾರತದ ಡೀಸೆಲ್ ಮಾನಕ ಚಳಿಗಾಲಕ್ಕೂ ಬೇಸಿಗೆಗೂ ಬೇರೆ ಬೇರೆ ಮಿತಿ ಇಟ್ಟಿದೆ: ಸಿಎಫ್‌ಪಿಪಿ ಚಳಿಗಾಲದಲ್ಲಿ 6 ಡಿಗ್ರಿ, ಬೇಸಿಗೆಯಲ್ಲಿ 18 ಡಿಗ್ರಿ ದಾಟಬಾರದು. ಚಳಿಗಾಲದ ಮಿತಿ ನವೆಂಬರಿನಿಂದ ಫೆಬ್ರವರಿವರೆಗೆ ಮಧ್ಯ ಮತ್ತು ಉತ್ತರದ ಬಯಲುಸೀಮೆಗೆ, ಈಶಾನ್ಯಕ್ಕೆ ಅನ್ವಯ. ಅಂದರೆ ನಮ್ಮ ಕಡೆ ಡಿಸೆಂಬರಿನಲ್ಲೂ ಪಂಪಿನ ಡೀಸೆಲ್ ಬೇಸಿಗೆಯ ಮಿತಿಯೊಳಗಿದ್ದರೆ ಸಾಕು. ಇದು ಗರಿಷ್ಠ ಮಿತಿ, ಪಂಪಿನಲ್ಲಿ ಸಿಗುವುದು ಇದಕ್ಕಿಂತ ಚೆನ್ನಾಗಿರಬಹುದು. ಆದರೂ ಇಲ್ಲಿ ಫುಲ್ ಟ್ಯಾಂಕ್ ಮಾಡಿಸಿಕೊಂಡು ಹೊರಟ ಲಾರಿ ಅದೇ ಡೀಸೆಲ್ಲಿನಲ್ಲಿ ಹಿಮದ ಊರಿನ ರಾತ್ರಿ ಕಳೆಯುವುದು ಬೇಡ. ಲಡಾಖಿಗೆಂದೇ ಮೈನಸ್ 33 ಡಿಗ್ರಿಯವರೆಗೆ ಹರಿಯಬಲ್ಲ ಚಳಿಗಾಲದ ಡೀಸೆಲ್ಲನ್ನು ಇಂಡಿಯನ್ ಆಯಿಲ್ 2019ರ ನವೆಂಬರಿನಲ್ಲಿ ಬಿಡುಗಡೆ ಮಾಡಿತು. ಪಾಣಿಪತ್ ರಿಫೈನರಿಯಲ್ಲಿ ತಯಾರಾಗುವ ಡೀಸೆಲ್ ಅದು. 2018ರ ರಾಷ್ಟ್ರೀಯ ಜೈವಿಕ ಇಂಧನ ನೀತಿಯ ಗುರಿಯಂತೆ 2030ಕ್ಕೆ ದೇಶದ ಡೀಸೆಲ್ಲಿನಲ್ಲಿ ಶೇ. 5 ಬಯೋಡೀಸೆಲ್ ಇರಬೇಕು. ಹೊಂಗೆಯ ಎಣ್ಣೆಯಿಂದ ಹಳ್ಳಿಯಲ್ಲಿ ಜನರೇಟರ್ ಓಡಿಸಿ ತೋರಿದ ನಾಡು ನಮ್ಮದು. ಹೊಂಗೆಯಲ್ಲಿ ಬೇಗ ಗಟ್ಟಿಯಾಗುವ ಬೆಹೆನಿಕ್ ಆಮ್ಲವಿದೆ, ತಾಳೆಯಲ್ಲಿ ಪಾಲ್ಮಿಟಿಕ್ ಆಮ್ಲ ಧಾರಾಳ. ಬೆಂಗಳೂರಿನ ಚಳಿಗೆ ಒಪ್ಪಿದ ಬಯೋಡೀಸೆಲ್ ಮನಾಲಿಯಲ್ಲೂ ಒಪ್ಪುತ್ತದೆ ಎಂದು ಯಾರೂ ತಿಳಿಯಬಾರದು.

ಸೇಬು ತರಲು ಹಿಮಾಚಲ, ಕಾಶ್ಮೀರದ ಕಡೆ ಗಾಡಿ ಹೊಡೆಯುವ ಅಣ್ಣಂದಿರಿಗೆ ನನ್ನದೊಂದು ಕೋರಿಕೆ. ಘಾಟಿ ಹತ್ತುವ ಮುನ್ನ ಅಲ್ಲಿನ ಪಂಪಿನ ಡೀಸೆಲ್ ಹಾಕಿಸಿ, ನೀರಿನ ಬಟ್ಟಲನ್ನು ಸಂಜೆಯೇ ಬಸಿಯಿರಿ. ಗಾಡಿ ನಿಂತರೆ ಟ್ಯಾಂಕಿನ ಕೆಳಗೆ ಬೆಂಕಿ ಹಾಕಬೇಡಿ. ಫಿಲ್ಟರಿಗೆ ಬಟ್ಟೆ ಸುತ್ತಿ ಬಿಸಿನೀರು ಸುರಿಯಿರಿ, ಮೇಣವಾದರೂ ಮಂಜುಗಡ್ಡೆಯಾದರೂ ಅಷ್ಟಕ್ಕೆ ಬಿಡುತ್ತದೆ. ಆಗಲೂ ಬಿಡದಿದ್ದರೆ ಫಿಲ್ಟರ್ ಬದಲಿಸಿ, ಬಿಚ್ಚಿದ್ದನ್ನು ಮಾತ್ರ ಹಾಗೇ ಎಸೆಯಬೇಡಿ. ಅದರೊಳಗಿನದನ್ನು ಸ್ವಲ್ಪ ಡೀಸೆಲ್ಲಿನ ಸಮೇತ ಗಾಜಿನ ಬಾಟಲಿಗೆ ಸುರಿದು, ಬಾಟಲಿಯನ್ನು ಬಿಸಿನೀರಿನಲ್ಲಿ ನಿಲ್ಲಿಸಿ ನೋಡಿ. ತಳದಲ್ಲಿ ಬೇರೆಯಾಗಿ ನಿಂತದ್ದು ನೀರು, ಮಾಯವಾದದ್ದು ಮೇಣ. ಎಷ್ಟು ಹೊತ್ತಾದರೂ ಬಿಳಿ ಪುಡಿ ಉಳಿದೇ ಇದ್ದರೆ ಬಾಟಲಿಗೆ ಮುಚ್ಚಳ ಹಾಕಿ, ಡೀಸೆಲ್ ಹಾಕಿಸಿದ ಬಿಲ್ಲಿನ ಜೊತೆ ಜೋಪಾನ ಮಾಡಿ, ಪಂಪಿನವರಿಗೆ ತೋರಿಸಿ ಪರೀಕ್ಷೆಗೆ ಕಳಿಸಲು ಕೇಳಿ.